ಪೆಟ್ಟಿಗೆಯಕ್ಕನ ಹಳದಿ ಪುಟ

ಬೆಳಗಿನ ಐದೂವರೆ. ನರ್ಸಿಂಗ್ ಕಾಲೇಜಿನ ಎರಡನೆಯ ಮಹಡಿಯಲ್ಲಿ ಒಂದೇ ಒಂದು ಕೋಣೆಯ ದೀಪ ಉರಿಯುತ್ತಿದೆ. ಒಳಗೆ, ಗೋಡೆಯುದ್ದಕ್ಕೂ ಹಾಕಿದ ಮರದ ಹಲಗೆಯ ಮುಂದೆ ಐವತ್ಮೂರು ವರ್ಷದ ಹೆಂಗಸೊಬ್ಬರು ನಿಂತಿದ್ದಾರೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಅಂಗೈಯಗಲದ ಟ್ಯಾಬೊಂದರ ಮುಖ ಒರೆಸುತ್ತಿದ್ದಾರೆ. ಮೇಲಿನಿಂದ ಕೆಳಕ್ಕೆ ಒಂದೇ ಎಳೆತ. ತಿರುಗಿಸಿ, ಬೆನ್ನಿಗೆ ಇನ್ನೊಂದು. ನೆಗಡಿಯಾದ ಮಗುವಿನ ಮೂಗನ್ನು ತಾಯಿ ಒರೆಸುವ ರೀತಿ ಅದು: ಸಲೀಸು, ಜೊತೆಗೆ ತುಸು ನಿರ್ದಾಕ್ಷಿಣ್ಯ. ಒರೆಸಿದ್ದನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡುತ್ತಾರೆ. ನಿನ್ನೆಯ ಬೆರಳಿನ ಗುರುತು ಎಲ್ಲಿಯೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ ಚಾರ್ಜಿನ ತಂತಿಗೆ ಸಿಕ್ಕಿಸಿ ಮುಂದಿನದಕ್ಕೆ ಕೈ ಚಾಚುತ್ತಾರೆ.

ಇಂಥವು ಒಟ್ಟು ಮೂವತ್ತಾರು. ಒಂದು ಪೆಟ್ಟಿಗೆಯಲ್ಲಿ ನಾಲ್ಕರಂತೆ ಒಂಬತ್ತು ಪೆಟ್ಟಿಗೆ. ಪೆಟ್ಟಿಗೆಯೊಳಗಿನ ಸ್ಪಂಜಿನ ಹಾಸನ್ನು ಟ್ಯಾಬಿನ ಅಳತೆಗೆ ಕೊರೆದವರೂ ಇವರೇ. ಆದ್ದರಿಂದಲೇ ಕಾಲೇಜಿನಲ್ಲಿ ಇವರಿಗೆ 'ಪೆಟ್ಟಿಗೆಯಕ್ಕ' ಎಂಬ ಹೆಸರು ಬಿದ್ದಿದೆ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿರಬಹುದು. ಅದನ್ನು ಕರೆದರೆ ಅವರೇ ಒಮ್ಮೆ ಹಿಂದೆ ತಿರುಗಿ ಯಾರನ್ನೆಂದು ನೋಡುತ್ತಾರೆ.

ಟ್ಯಾಬುಗಳಿಗೂ ಅವರು ಹೆಸರಿಟ್ಟಿದ್ದಾರೆ. ಏಳನೆಯದು 'ಅಳುಬುರುಕಿ', ಕಾರಣವಿಲ್ಲದೆ ಕುಂಯ್‌ಗುಡುತ್ತದೆ. ಹದಿಮೂರನೆಯದು 'ಸಾಹೇಬರು', ತಂತಿಯನ್ನು ಇಂಥದ್ದೇ ಕೋನದಲ್ಲಿ ಹಿಡಿದು ಬಡಿಸಿದರೆ ಮಾತ್ರ ಊಟ ಮಾಡುವ ಘನಸ್ತಿಕೆ. ಇಪ್ಪತ್ನಾಲ್ಕನೆಯದು 'ಮೊದ್ದು', ಅದರ ಗುಂಡಿಯನ್ನು ಏಳು ಎಣಿಸುವ ತನಕ ಒತ್ತಿ ಹಿಡಿಯದ ಹೊರತು ಕಣ್ಣು ಬಿಡುವುದಿಲ್ಲ.

"ಮೂವತ್ತಾರು ಮಕ್ಕಳನ್ನ ಹೆತ್ತವಳಿಗೂ ಇಷ್ಟು ಕಷ್ಟ ಇರಲ್ಲ ಕಣ್ರೀ," ಎನ್ನುತ್ತಾರೆ ಅವರು, ಕೈ ನಿಲ್ಲಿಸದೆ. "ಮಕ್ಕಳಾದ್ರೆ ಹಸಿವಾದಾಗ ಅಳ್ತವೆ. ಇವು ಹಸಿವಾದ್ರೆ ಸುಮ್ನೆ ಸಾಯ್ತವೆ. ಅದೂ ಪರೀಕ್ಷೆ ದಿವಸಾನೇ."

ಇವತ್ತು ಪರೀಕ್ಷೆಯ ದಿವಸ.

ಅವರು ತೊಟ್ಟ ಬೂದು ಬಣ್ಣದ ಏಪ್ರನ್ನಿಗೆ ಹೊರಗೆ ಎರಡು ಜೇಬು, ಒಳಗೊಂದು. ಹೊರಗಿನವುಗಳಲ್ಲಿ ಹತ್ತಿಯ ಉಂಡೆ, ಚಿಕ್ಕ ಸ್ಕ್ರೂಡ್ರೈವರು, ರಬ್ಬರ್ ಬ್ಯಾಂಡು, ಅರ್ಧ ತಿಂದ ಶುಂಠಿ ಪೆಪ್ಪರಮಿಂಟಿನ ಪೊಟ್ಟಣ. ಒಳಜೇಬಿಗೆ ಗುಂಡಿ ಹಾಕಿದೆ. ಅದರೊಳಗೆ ನಾಲ್ಕು ಮಡಿಕೆಯಾಗಿ ಮಲಗಿರುವ ವಸ್ತುವಿನ ಸರದಿ ಮುಂದೆ ಬರುತ್ತದೆ.

ಕಾಲೇಜಿಗೆ ಅಂಟಿಕೊಂಡೇ ಆಸ್ಪತ್ರೆಯಿದೆ. ನಡುವೆ ತಗಡು ಹೊದಿಸಿದ ಓಣಿ. ಪೆಟ್ಟಿಗೆಯಕ್ಕ ಈ ಓಣಿಯ ಆಚೆಯ ತುದಿಯಲ್ಲಿ ಹದಿನಾರು ವರ್ಷ ವಾರ್ಡಿನ ಆಯಾ ಆಗಿದ್ದವರು. ಹಾಸಿಗೆಯ ಬಟ್ಟೆ ಬದಲಿಸುವುದು, ಮಲಪಾತ್ರೆ ತೊಳೆಯುವುದು, ಮಗ್ಗುಲಾಗಲಾರದವರನ್ನು ಮಗ್ಗುಲು ಮಾಡುವುದು. ಮಗ್ಗುಲು ಮಾಡಿ ಮಾಡಿ ಕೊನೆಗೆ ಅವರ ಸೊಂಟವೇ ಮಾತು ಕೇಳದಾಯಿತು. ಭಾರ ಎತ್ತಬಾರದೆಂದು ವೈದ್ಯರು ಬರೆದುಕೊಟ್ಟ ಚೀಟಿ ಹಿಡಿದು ಹನ್ನೊಂದು ವರ್ಷಗಳ ಹಿಂದೆ ಓಣಿಯ ಈಚೆಗೆ ಬಂದರು. ಆಗ ಇಲ್ಲಿ ಕೆಲಸವೆಂದರೆ ಬಟ್ಟೆಗೊಂಬೆ, ಪಟ, ಎಲುಬಿನ ಹಂದರ ಇವುಗಳ ಧೂಳು ಹೊಡೆಯುವುದಷ್ಟೇ. ಟ್ಯಾಬುಗಳು ಬಂದದ್ದು ಆರು ವರ್ಷಗಳ ಹಿಂದೆ.

"ಕಂಪನಿಯಿಂದ ಒಬ್ಬ ಹುಡುಗ ಬಂದ. ಎರಡು ದಿನ ಹೇಳಿಕೊಟ್ಟ. ಮೂರನೇ ದಿನ ಫೋನ್ ಮಾಡಿದ್ರೆ ಎತ್ತಲಿಲ್ಲ. ಉಳಿದದ್ದನ್ನೆಲ್ಲ ಇವುಗಳ ಹತ್ರಾನೇ ಕೇಳ್ಕೊಂಡೆ," ಎಂದು ಮೂವತ್ತಾರರ ಕಡೆಗೆ ಗಲ್ಲ ಚಾಚುತ್ತಾರೆ.

ಓದಿದ್ದು ಒಂಬತ್ತನೆಯ ತರಗತಿಯವರೆಗೆ. ಔಷಧಿಗಳ ಮಾರುದ್ದದ ಹೆಸರುಗಳನ್ನು ಅವರು ಅಕ್ಷರ ಕೂಡಿಸಿ ಓದುವುದಿಲ್ಲ. ಬಸ್ಸಿನಲ್ಲಿ ದಿನವೂ ಕಾಣುವ ಮುಖಗಳನ್ನು ಗುರುತಿಸುವಂತೆ ಗುರುತಿಸುತ್ತಾರೆ. ತಲೆ ಉದ್ದನೆಯದು, ಬಾಲ ಗಿಡ್ಡನೆಯದು, ನಡುವೆ ಗಂಟಿರುವುದು. ಹದಿನಾರು ವರ್ಷದಲ್ಲಿ ಅಂಥ ಮುಖಗಳು ಬೇಕಾದಷ್ಟು ಪರಿಚಯವಾಗಿವೆ.

ಈ ಕೋಣೆಗೆ ಬರುವವರು ಹೊಸಬರಲ್ಲ, ಕೈ ಪಳಗಿದ ನರ್ಸುಗಳು. ಐದಾರು ವರ್ಷ, ಕೆಲವರು ಹದಿನೈದು ವರ್ಷ ಡ್ಯೂಟಿ ಮಾಡಿ, ಮೇಲಿನ ಪದವಿಗೆಂದು ಮತ್ತೆ ಬೆಂಚಿಗೆ ಮರಳಿದವರು. ಒಂದು ತಂಡಕ್ಕೆ ಮೂವತ್ತಾರು ಮಂದಿ. ಒಬ್ಬೊಬ್ಬರಾಗಿ ಕೆಲಸ ಮಾಡುವುದರಲ್ಲಿ ಎಲ್ಲರೂ ಎತ್ತಿದ ಕೈ. ಕಷ್ಟವಿರುವುದು ನಾಲ್ವರು ಸೇರಿ ಕೆಲಸ ಮಾಡುವುದರಲ್ಲಿ. ಅದನ್ನು ಕಲಿಸುವುದಕ್ಕಾಗಿಯೇ ಅವರ ಮೇಡಂ ಈ ಪಾಠವನ್ನು ಕಟ್ಟಿದ್ದಾರೆ.

ಪಾಠ ನಡೆಯುವ ರೀತಿ ಹೀಗಿದೆ. ಮಂಚದ ಮೇಲೆ ಗೊಂಬೆಯೊಂದು ರೋಗಿಯಾಗಿ ಮಲಗಿರುತ್ತದೆ. ಆ ರೋಗಿಯ ವಿಚಾರವನ್ನು ಮೇಡಂ ನಾಲ್ಕು ಪುಟವಾಗಿ ಒಡೆದಿರುತ್ತಾರೆ: ನಾಡಿ, ಜ್ವರ, ಉಸಿರಿನ ಲೆಕ್ಕ ಒಂದರಲ್ಲಿ, ಆಸ್ಪತ್ರೆಯಲ್ಲಿ ಕೊಟ್ಟ ಔಷಧಿ ಇನ್ನೊಂದರಲ್ಲಿ, ರಕ್ತಪರೀಕ್ಷೆಯ ವರದಿ ಮೂರನೆಯದರಲ್ಲಿ, ಮನೆಯವರು ಹೇಳಿದ ಮಾತು ನಾಲ್ಕನೆಯದರಲ್ಲಿ. ಗುಂಪಿನ ನಾಲ್ವರ ಕೈಯಲ್ಲಿ ನಾಲ್ಕು ಟ್ಯಾಬು, ಒಂದೊಂದರಲ್ಲಿ ಒಂದೊಂದೇ ಪುಟ. ತನ್ನ ಟ್ಯಾಬನ್ನು ಪಕ್ಕದವರಿಗೆ ತೋರಿಸುವಂತಿಲ್ಲ; ಬಾಯಿಬಿಟ್ಟು ಹೇಳಬೇಕು, ಕಿವಿಗೊಟ್ಟು ಕೇಳಬೇಕು. ವೈದ್ಯರು ಬರೆದಿಟ್ಟ ಔಷಧಿಯನ್ನು ಕೊಡುವುದೋ, ತಡೆದು ವೈದ್ಯರಿಗೆ ಫೋನ್ ಮಾಡುವುದೋ ಎಂದು ನಾಲ್ವರೂ ಕೂಡಿ ತೀರ್ಮಾನಿಸಬೇಕು. ನಾಲ್ವರೂ 'ಒಪ್ಪಿಗೆ' ಒತ್ತಿದ ಮೇಲೆ ತೀರ್ಮಾನ ಗಟ್ಟಿ. ಅಲ್ಲಿಯವರೆಗೆ ಒತ್ತಿದ್ದನ್ನು ಹಿಂತೆಗೆದುಕೊಳ್ಳಬಹುದು. ಸಮಯ ಇಪ್ಪತ್ತು ನಿಮಿಷ.

ಆ ನಾಲ್ಕು ಪುಟಗಳನ್ನು ಕಂಪ್ಯೂಟರಿನಿಂದ ಟ್ಯಾಬುಗಳಿಗೆ ತುಂಬುವುದು ಪೆಟ್ಟಿಗೆಯಕ್ಕನ ಕೆಲಸ. ಅವರಿಗೆ ಪುಟವೆಂದರೆ ಬಣ್ಣ. ಕೆಂಪು, ನೀಲಿ, ಹಸಿರು, ಹಳದಿ. ಈ ಬಣ್ಣ ಕಾಣುವುದು ಅವರ ಕಂಪ್ಯೂಟರಿನಲ್ಲಿ ಮಾತ್ರ. ಕಲಿಯುವವರ ಕೈಗೆ ಬರುವಷ್ಟರಲ್ಲಿ ಎಲ್ಲವೂ ಬಿಳಿ.

ನಾಲ್ಕು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಹೀಗೆ ತುಂಬುತ್ತಿದ್ದಾಗ ಅಳುಬುರುಕಿ ಅಳತೊಡಗಿತು. ಅದನ್ನು ಸಮಾಧಾನ ಮಾಡಿ ಬಂದವರು ಎಲ್ಲಿ ನಿಲ್ಲಿಸಿದ್ದೆನೆಂದು ಮರೆತರು. ಒಂದು ಪೆಟ್ಟಿಗೆಗೆ ಎರಡು ಹಸಿರು ಹೋಯಿತು, ಹಳದಿ ಹೋಗಲಿಲ್ಲ. ಆ ಗೊಂಬೆಗೆ ಒಂದು ಔಷಧಿ ಒಗ್ಗುವುದಿಲ್ಲ ಎಂಬ ಮಾತು ಇದ್ದದ್ದು ಹಳದಿಯಲ್ಲಿ. ಗುಂಪು ಅದೇ ಔಷಧಿಯನ್ನು ಕೊಟ್ಟಿತು. ಹತ್ತನೆಯ ನಿಮಿಷಕ್ಕೆ ಗೊಂಬೆ ಸತ್ತಿತು.

"ನನ್ನ ಕೈಯಿಂದ ಆಗಿದ್ದು ಅಂತ ಗೊತ್ತಾದಾಗ ನನ್ನ ಜೀವ ಬಾಯಿಗೆ ಬಂತು," ಎಂದು ನೆನೆಯುತ್ತಾರೆ. "ಗೊಂಬೆ ತಾನೇ ಅಂತ ನೀವು ಹೇಳಬಹುದು. ನಾನು ಹದಿನಾರು ವರ್ಷ ಆಚೆ ಕಡೆ ಇದ್ದವಳು. ಅಲ್ಲಿ ಗೊಂಬೆ ಇರಲ್ಲ."

ಸಂಜೆ ಮೇಡಂ ವಿಚಾರಣೆಗೆ ಕೂತರು. ಪೆಟ್ಟಿಗೆಯಕ್ಕ ಕೆಲಸ ಹೋಯಿತೆಂದೇ ಬಗೆದು, ಬೀರುವಿನ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹೋಗಿದ್ದರು. ಆದರೆ ಮೇಡಂ ಅವರನ್ನು ಒಂದು ಮಾತೂ ಕೇಳಲಿಲ್ಲ. ಎರಡನೆಯ ಹಸಿರು ಸಿಕ್ಕಿದ್ದ ನರ್ಸನ್ನು ಕೇಳಿದರು: "ನಿಮ್ಮ ಪುಟದಲ್ಲಿದ್ದದ್ದನ್ನೇ ಪಕ್ಕದವರು ಹೇಳ್ತಿದ್ರಲ್ಲ, ಆಗ ನೀವೇನು ಮಾಡಿದ್ರಿ?"

"ತಲೆ ಆಡಿಸಿದೆ ಮೇಡಂ."

"ನನ್ನ ಹತ್ರ ಬೇರೆ ಏನೂ ಇಲ್ಲ ಅಂತ ಯಾಕೆ ಹೇಳಲಿಲ್ಲ?"

ಆ ನರ್ಸು ನೆಲ ನೋಡುತ್ತ, "ದಡ್ಡಿ ಅಂದ್ಕೋತಾರೆ ಅಂತ," ಎಂದಳು.

ಪೆಟ್ಟಿಗೆಯಕ್ಕ ಬಾಗಿಲಲ್ಲೇ ನಿಂತಿದ್ದರು. ಅವರ ಬಾಯಿಂದ ತಾನಾಗಿ ಮಾತು ಹೊರಬಿತ್ತು: "ವಾರ್ಡಲ್ಲೂ ಹಿಂಗೇ ಮೇಡಂ. ಡ್ಯೂಟಿ ಬದಲಾಗುವಾಗ ನಾನು ಬಟ್ಟೆ ಗಾಡಿ ಹಿಡ್ಕೊಂಡು ಪಕ್ಕದಲ್ಲೇ ನಿಂತಿರ್ತಿದ್ದೆ. ಹೋಗೋರು ಹೇಳ್ತಾರೆ, ಬರೋರು ತಲೆ ಆಡಿಸ್ತಾರೆ. ಹೇಳದೆ ಬಿಟ್ಟಿದ್ದನ್ನ ಯಾರೂ ಕೇಳಲ್ಲ."

ಆ ತಪ್ಪು ಅಂದಿನಿಂದ ಪಾಠದ ಭಾಗವಾಯಿತು. ಪ್ರತಿ ಆರು ತಿಂಗಳ ಕೊನೆಯ ಪರೀಕ್ಷೆಯಲ್ಲಿ ಒಂಬತ್ತರಲ್ಲಿ ಒಂದು ಪೆಟ್ಟಿಗೆಗೆ ಹಳದಿ ಹೋಗುವುದಿಲ್ಲ. ಅದರ ಬದಲು, ಉಳಿದ ಮೂರರಲ್ಲಿ ಒಂದನ್ನೇ ಮೇಡಂ ಬೇರೆ ಮಾತುಗಳಲ್ಲಿ ತಿರುಗಿಸಿ ಬರೆದು ಕೊಡುತ್ತಾರೆ. ಓದಿದರೆ ಹೊಸದೆನ್ನಿಸುತ್ತದೆ, ಸೋಸಿ ನೋಡಿದರೆ ಹೊಸದೇನೂ ಇರುವುದಿಲ್ಲ. ನಿಜವಾದ ಹಳದಿಯನ್ನು ಹಳದಿ ಕಾಗದದಲ್ಲೇ ಅಚ್ಚು ಮಾಡಿ, ನಾಲ್ಕಾಗಿ ಮಡಿಸಿ, ಪೆಟ್ಟಿಗೆಯಕ್ಕನ ಕೈಗೆ ಕೊಡುತ್ತಾರೆ. ಅದು ಒಳಜೇಬಿಗೆ ಹೋಗಿ ಗುಂಡಿ ಹಾಕಿಕೊಳ್ಳುತ್ತದೆ. ಪರೀಕ್ಷೆಯ ಕೋಣೆಗೂ ಅವರ ಕೋಣೆಗೂ ನಡುವೆ ಒಂದು ಕಿಂಡಿಯಿದೆ. ಪುಟ ಬೇಕಾದವರು ಆ ಕಿಂಡಿಗೆ ಬಂದು, ತಮ್ಮಲ್ಲಿ ಏನಿಲ್ಲವೆಂದು ಹೇಳಿ ಕೇಳಬೇಕು. ಕೇಳಿದರೆ ಸಿಗುತ್ತದೆ.

ಇದು ಗುಟ್ಟೂ ಅಲ್ಲ. ಸೇರಿದ ಮೊದಲ ವಾರವೇ ಮೇಡಂ ಎಲ್ಲರಿಗೂ ಹೇಳಿರುತ್ತಾರೆ. ಎಲ್ಲರೂ ಬರೆದುಕೊಂಡಿರುತ್ತಾರೆ. ಆ ಪೆಟ್ಟಿಗೆ ಇನ್ನೊಬ್ಬರದೆಂದು ಎಲ್ಲರೂ ತಿಳಿದಿರುತ್ತಾರೆ.

ಒಮ್ಮೆ ಜಾಣ ಗುಂಪೊಂದು ಪರೀಕ್ಷೆ ಶುರುವಾದೊಡನೆ ಓಡಿ ಬಂದು, "ಅಕ್ಕಾ, ನಮ್ಮಲ್ಲಿ ಏನೋ ಒಂದು ಕಡಿಮೆ ಇದೆ, ಕೊಡಿ," ಎಂದಿತಂತೆ.

"'ಏನೋ ಒಂದು' ಅನ್ನೋದು ನನ್ನ ಜೇಬಲ್ಲಿಲ್ಲ, ಹೋಗ್ರಪ್ಪಾ ಅಂದೆ," ಎಂದು ಪೆಟ್ಟಿಗೆಯಕ್ಕ ನಗುತ್ತಾರೆ.

ಇದುವರೆಗೆ ಇಂಥ ಪರೀಕ್ಷೆ ಏಳು ಸಲ ನಡೆದಿದೆ. ಪುಟವಿಲ್ಲದ ಗುಂಪು ಕಿಂಡಿಗೆ ಬಂದದ್ದು ಎರಡು ಸಲ. ಯಾರೂ ಕೇಳದೆ ಉಳಿದ ಐದು ಹಳದಿ ಪುಟಗಳನ್ನು ಅವರು ಎಸೆದಿಲ್ಲ. ಬೀರುವಿನ ಕೆಳಗಿನ ಅರೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿಯಿದೆ. ಅದರಲ್ಲಿ ಮಡಿಕೆ ಬಿಚ್ಚದೆ ಇಟ್ಟಿದ್ದಾರೆ.

ಈ ವರ್ಷದ ಮೂವತ್ತಾರು ಮಂದಿಯಲ್ಲಿ ಒಬ್ಬಳು ಅವರ ಮಗಳು.

ಇಪ್ಪತ್ತೊಂಬತ್ತು ವರ್ಷ. ಪಕ್ಕದ ಆಸ್ಪತ್ರೆಯಲ್ಲೇ ಆರು ವರ್ಷ ನರ್ಸಾಗಿ ದುಡಿದವಳು. ತಾಯಿ ಮಲಪಾತ್ರೆ ತೊಳೆದ ವಾರ್ಡಿನಲ್ಲೇ ಮಗಳು ಸಿಸ್ಟರ್ ಎನ್ನಿಸಿಕೊಂಡಳು. ಒಂದನೆಯ ತರಗತಿಯಿಂದ ಇಂದಿನವರೆಗೆ ಎರಡನೆಯ ಸ್ಥಾನ ಹೇಗಿರುತ್ತದೆಂದು ಅವಳಿಗೆ ಗೊತ್ತಿಲ್ಲ. ಆಸ್ಪತ್ರೆ ಅವಳಿಗೆ ಓದಲು ಎರಡು ವರ್ಷ ರಜೆ ಕೊಟ್ಟಿದೆ, ಒಂದು ಷರತ್ತಿನ ಮೇಲೆ: ಪ್ರತಿ ಆರು ತಿಂಗಳ ಪರೀಕ್ಷೆಯೂ ಮೊದಲ ಸಲಕ್ಕೇ ಪಾಸಾಗಬೇಕು. ತಪ್ಪಿದರೆ ಮುಂದಿನ ತಿಂಗಳ ಒಂದನೇ ತಾರೀಕು ಮತ್ತೆ ವಾರ್ಡಿಗೆ. ಇನ್ನೊಮ್ಮೆ ಆ ರಜೆ ಸಿಗುವುದಿಲ್ಲ. ಗುಂಪಿನ ಈ ಪರೀಕ್ಷೆಯಲ್ಲಿ ಕೊಡಬಾರದ ಔಷಧಿ ಕೊಟ್ಟವರು ಪಾಸಾಗುವ ಮಾತೇ ಇಲ್ಲ. ಪುಟ ಇಲ್ಲದಿರುವುದು ಅವರ ತಪ್ಪಲ್ಲ, ಕೇಳದೆ ಸೂಜಿ ಎತ್ತಿದ್ದು ತಪ್ಪು ಎನ್ನುವುದು ಮೇಡಂ ಅವರ ನ್ಯಾಯ.

ಕಾಲೇಜಿನೊಳಗೆ ಅವಳೂ ತಾಯಿಯನ್ನು 'ಅಕ್ಕ' ಎಂದೇ ಕರೆಯುತ್ತಾಳೆ. ಮೊದಲ ದಿನವೇ ಇಬ್ಬರೂ ಮಾಡಿಕೊಂಡ ಒಪ್ಪಂದ. "ಮೂವತ್ತೈದು ಜನಕ್ಕೆ ಅಕ್ಕ, ಒಬ್ಬಳಿಗೆ ಅಮ್ಮ ಅಂದ್ರೆ ಕೆಲಸ ನಡೆಯಲ್ಲ," ಎಂದು ಹೇಳಿದವರು ತಾಯಿ.

ನಿನ್ನೆ ಮಧ್ಯಾಹ್ನವೇ ಟ್ಯಾಬುಗಳೆಲ್ಲ ತುಂಬಿ ಆಗಿತ್ತು. ಈ ಸಲ ಹಳದಿ ಇಲ್ಲದ್ದು ಆರನೆಯ ಪೆಟ್ಟಿಗೆಗೆ. ತಿರುಗಿಸಿ ಬರೆದ ಪುಟ ಹೋದದ್ದು ಮೊದ್ದುವಿಗೆ. ಸಂಜೆ ಚೀಟಿ ಎತ್ತಿದರು. ಮಗಳ ಗುಂಪಿಗೆ ಆರು ಬಂತು.

ಚೀಟಿ ನೋಡಿ ಮೇಡಂ ನೇರವಾಗಿ ಪೆಟ್ಟಿಗೆಯಕ್ಕನ ಕೋಣೆಗೆ ಬಂದರು. "ಅಕ್ಕಾವ್ರೇ, ನಿಮ್ಮ ಮಗಳ ಗುಂಪಿಗೇ ಬಿದ್ದಿದೆ. ನಿಮಗೆ ಕಷ್ಟ ಅನ್ನಿಸಿದ್ರೆ ಪೆಟ್ಟಿಗೆ ಬದಲಾಯಿಸೋಣ."

"ಬದಲಾಯಿಸಿದ್ರೆ ಇನ್ನೊಬ್ಬರ ಮಗಳಿಗೆ ಹೋಗುತ್ತೆ. ಅಷ್ಟೇ ಅಲ್ವಾ ಮೇಡಂ?"

ಮೇಡಂ ಚೀಟಿ ಮಡಿಸಿಕೊಂಡು ಹೊರಟುಹೋದರು.

ಮನೆ ಆಸ್ಪತ್ರೆಯ ಹಿಂಬದಿಯ ರಸ್ತೆಯಲ್ಲಿ, ಮೂರನೆಯ ಮಹಡಿ, ಎರಡು ಕೋಣೆ. ಮುಂದಿನ ಕೋಣೆಯ ಅರ್ಧವನ್ನು ಯಜಮಾನರ ಹೊಲಿಗೆಯಂತ್ರ ನುಂಗಿದೆ. ಅವರು ದರ್ಜಿ, ಹೆಂಡತಿಯ ಏಪ್ರನ್ನಿಗೆ ಒಳಜೇಬು ಇಟ್ಟವರು. ನಿನ್ನೆ ರಾತ್ರಿ ಆ ಯಂತ್ರದ ಪಕ್ಕದ ಮೇಜಿನಲ್ಲೇ ಮೂವರ ಊಟ. ಮಗಳು ತಟ್ಟೆಯ ಮುಂದೆ ಕೂತು ಅಪ್ಪನ ನಾಡಿ ಹಿಡಿದು ನಾಳೆಯ ತಾಲೀಮು ನಡೆಸಿದ್ದಳು.

"ಅಪ್ಪಾ, ಕದಲಬೇಡ. ನೀನೀಗ ರೋಗಿ."

"ರೋಗಿಗೂ ಹೊಟ್ಟೆ ಇರುತ್ತೆ ಕಣೇ. ಬಲಗೈ ಬಿಡು, ಎಡಗೈಲಿ ನಾಡಿ ಇಲ್ವಾ?"

"ಅಮ್ಮಾ, ಆರನೇ ಪೆಟ್ಟಿಗೆ ಒಳ್ಳೇದಾ, ಕೆಟ್ಟದ್ದಾ?"

"ಪೆಟ್ಟಿಗೆ ಪೆಟ್ಟಿಗೇನೇ."

"ಅದರಲ್ಲಿ ಮೊದ್ದು ಇದೆ ಅಲ್ವಾ? ಯಾರೂ ಮುಟ್ಟಲ್ಲ ಅದನ್ನ. ನಾನೇ ತಗೋತೀನಿ, ನನ್ನ ಮಾತು ಕೇಳುತ್ತೆ. ಏಳು ಎಣಿಸಬೇಕು, ಅಷ್ಟೇ ತಾನೇ?"

ನೀರಿನ ಲೋಟ ತುಂಬಿಯೇ ಇದ್ದರೂ ಪೆಟ್ಟಿಗೆಯಕ್ಕ ಎದ್ದು ನೀರು ತರಲು ಹೋದರು. ಯಜಮಾನರು ಹೆಂಡತಿಯ ಬೆನ್ನನ್ನೇ ನೋಡಿ, "ನಿಮ್ಮಮ್ಮನ ಬಾಯಿಗೆ ಕಾಜಾ ಹೊಲಿದವನು ನಾನಲ್ಲಪ್ಪಾ," ಎಂದರು. "ಆದ್ರೆ ಗುಂಡಿ ಮಾತ್ರ ಭದ್ರವಾಗಿ ಬಿದ್ದಿದೆ. ಏನೇ, ಒಳಜೇಬಲ್ಲಿ ಏನಿದೆ?"

"ಜೇಬು ಹೊಲಿಯೋದು ನಿಮ್ಮ ಕೆಲಸ. ಒಳಗಿರೋದು ನಂದು," ಎಂಬ ಮಾತು ಅಡುಗೆಯ ಒಲೆಯ ಕಡೆಯಿಂದ ಬಂತು.

ಒಂದು ಮಾತು ಸಾಕಿತ್ತು. ಮೊದ್ದುವನ್ನು ಮುಟ್ಟಬೇಡ ಎಂದಿದ್ದರೂ ಸಾಕಿತ್ತು. ಬೆಳಿಗ್ಗೆ ಮಗಳು ಏಳುವ ಮೊದಲೇ ಅವರು ಮನೆ ಬಿಟ್ಟಿದ್ದಾರೆ. ಎದುರು ಸಿಕ್ಕರೆ ಬಾಯಿ ಜಾರೀತೆಂಬ ಭಯವಿತ್ತೇ ಎಂದರೆ, "ಬಾಯಿ ಗಟ್ಟಿ ಇದೆ, ಮುಖದ ಮೇಲೆ ನಂಬಿಕೆ ಇಲ್ಲ," ಎನ್ನುತ್ತಾರೆ.

ಒಂಬತ್ತು ಗಂಟೆ. ಪರೀಕ್ಷೆಯ ಕೋಣೆಯಲ್ಲಿ ಒಂಬತ್ತು ಮಂಚ, ಒಂಬತ್ತು ಗೊಂಬೆ. ಕಿಂಡಿಯ ಬಳಿ ಸಾಲಾಗಿ ನಿಂತ ಗುಂಪುಗಳಿಗೆ ಪೆಟ್ಟಿಗೆ ಹಸ್ತಾಂತರವಾಗುತ್ತದೆ. ಆರನೆಯ ಪೆಟ್ಟಿಗೆಯ ಮುಚ್ಚಳ ತೆರೆದಾಗ ಮೂರು ಕೈಗಳು ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ಮೂರರ ಮೇಲೆ ಎರಗುತ್ತವೆ. ನಾಲ್ಕನೆಯದು ಮಗಳದು. "ಮೊದ್ದು ನನಗಿರಲಿ," ಎಂದು ಎತ್ತಿಕೊಂಡು, ಗುಂಡಿ ಒತ್ತಿ, ತುಟಿಯಲ್ಲೇ ಏಳು ಎಣಿಸುತ್ತಾಳೆ. ಮೊದ್ದು ಕಣ್ಣು ಬಿಡುತ್ತದೆ. ಅವಳು ಹೆಮ್ಮೆಯಿಂದ ಕಿಂಡಿಯ ಕಡೆ ನೋಡುತ್ತಾಳೆ. ಪೆಟ್ಟಿಗೆಯಕ್ಕ ಏಳನೆಯ ಪೆಟ್ಟಿಗೆಯ ಚಿಲಕ ತೆಗೆಯುತ್ತಿದ್ದಾರೆ.

ಗಂಟೆ ಬಾರಿಸುತ್ತದೆ. ಪೆಟ್ಟಿಗೆಯಕ್ಕನ ಕಂಪ್ಯೂಟರಿನಲ್ಲಿ ಮೂವತ್ತಾರು ಚುಕ್ಕೆಗಳಿವೆ, ಎಲ್ಲವೂ ಬೂದು. ಒಪ್ಪಿಗೆ ಒತ್ತಿದವರದು ಬೆಳಗುತ್ತದೆ. ಆರನೆಯ ಮಂಚ ಕಿಂಡಿಯಿಂದ ಎರಡೇ ಮಾರು ದೂರ, ಮಾತು ಕೇಳಿಸುತ್ತದೆ. ಗುಂಪಿನಲ್ಲಿ ಮಗಳು, ಇಬ್ಬರು ಸಿಸ್ಟರುಗಳು, ಹದಿನೈದು ವರ್ಷ ತುರ್ತು ವಿಭಾಗದಲ್ಲಿದ್ದ ಒಬ್ಬ ನರ್ಸು. ಅವರನ್ನು ಎಲ್ಲರೂ 'ಬ್ರದರ್' ಎನ್ನುತ್ತಾರೆ. ಮಾತು ಕಡಿಮೆ, ಕನ್ನಡಕ ದಪ್ಪ.

ಗೊಂಬೆಗೆ ಇಂದು ಅರವತ್ತೆರಡು ವರ್ಷ. ಕಾಲು ಊದಿದೆ, ಮೀನಖಂಡದಲ್ಲಿ ನೋವು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಚುಚ್ಚುಮದ್ದನ್ನು ವೈದ್ಯರು ಬರೆದಿಟ್ಟಿದ್ದಾರೆ. ಟ್ರಾಲಿಯ ಮೇಲೆ ಅದು ಸಿದ್ಧವಾಗಿದೆ. ಕೊಡುವುದೋ, ತಡೆಯುವುದೋ?

ಮಗಳು ಮಾತಿಗೆ ನಿಲ್ಲುತ್ತಾಳೆ. ಅವಳು ಮಾತಾಡಿದರೆ ಮರದ ಹಲಗೆಗೆ ಮೊಳೆ ಹೊಡೆದ ಹಾಗೆ, ಒಂದೊಂದೂ ಒಂದೇ ಏಟಿಗೆ. ಒಬ್ಬ ಸಿಸ್ಟರು ನಾಡಿಯ ಲೆಕ್ಕ ಹೇಳಿದರೆ ಇವಳು ಅದರ ಅರ್ಥ ಬಿಡಿಸುತ್ತಾಳೆ. ಇನ್ನೊಬ್ಬರು ಔಷಧಿಗಳ ಪಟ್ಟಿ ಓದಿದರೆ ಇವಳು ಅವುಗಳ ಗುಣ ಹೇಳುತ್ತಾಳೆ. ಬ್ರದರ್ ರಕ್ತಪರೀಕ್ಷೆಯ ವರದಿ ಓದಿದಾಗ, "ಅದೇ, ಅದೇ, ಸರಿಹೋಯ್ತು," ಎಂದು ಮೊದ್ದುವಿನ ಮೇಲೆ ಬೆರಳು ಕುಟ್ಟುತ್ತಾಳೆ. ಆರನೆಯ ನಿಮಿಷಕ್ಕೆ ಪೆಟ್ಟಿಗೆಯಕ್ಕನ ಮುಂದಿನ ಚುಕ್ಕೆಗಳಲ್ಲಿ ಇಪ್ಪತ್ನಾಲ್ಕು ಬೆಳಗುತ್ತದೆ. ಒಂಬತ್ತೂ ಗುಂಪುಗಳಲ್ಲಿ ಮೊದಲ ಒಪ್ಪಿಗೆ ಅದು.

ಅವರು ಪೆಪ್ಪರಮಿಂಟಿನ ಪೊಟ್ಟಣ ತೆಗೆಯುತ್ತಾರೆ. ತಿನ್ನದೆ ಮತ್ತೆ ಜೇಬಿಗೆ ಹಾಕುತ್ತಾರೆ.

ಒಂಬತ್ತನೆಯ ನಿಮಿಷಕ್ಕೆ ಇಪ್ಪತ್ತೊಂದು. ಹತ್ತನೆಯದಕ್ಕೆ ಇಪ್ಪತ್ತೆರಡು. ಬ್ರದರ್ ಕೈಯ ಇಪ್ಪತ್ಮೂರು ಇನ್ನೂ ಬೂದು. ಅದೊಂದು ಬೆಳಗಿದರೆ ಸೂಜಿ ಎತ್ತಬಹುದು.

"ಬ್ರದರ್, ಒತ್ತಿ. ಎಲ್ಲಾ ಸ್ಪಷ್ಟ ಇದೆಯಲ್ಲ," ಎನ್ನುತ್ತಾಳೆ ಮಗಳು.

"ಒತ್ತೋಣ ತಾಯಿ, ಬೆರಳು ಎಲ್ಲಿಗೂ ಓಡಿಹೋಗಲ್ಲ." ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾರೆ. "ಅವರ ಪುಟ ಕೇಳಿದೆ, ಇವರ ಪುಟ ಕೇಳಿದೆ, ನಂದು ನಾನೇ ಓದಿದೆ. ಮೂರನ್ನೂ ನೀನು ಚೆನ್ನಾಗಿ ವಿವರಿಸಿದೆ. ನಿನ್ನ ಪುಟದಲ್ಲಿ ಏನಿದೆ, ಅದನ್ನೊಂದು ಹೇಳಿಬಿಡು."

"ಹೇಳಿದ್ನಲ್ಲ."

"ಮಾತಾಡಿದೆ. ಹೇಳಲಿಲ್ಲ."

ಮಗಳು ಮೊದ್ದುವಿನ ಕಡೆ ನೋಡುತ್ತಾಳೆ. ಮೇಲಿನಿಂದ ಕೆಳಕ್ಕೆ ಓದುತ್ತಾಳೆ, ಮತ್ತೆ ಮೇಲಕ್ಕೆ ಹೋಗುತ್ತಾಳೆ. ಅವಳ ಕಿವಿ ಕೆಂಪಾಗುವುದು ಕಿಂಡಿಯವರೆಗೂ ಕಾಣುತ್ತದೆ. ಚಿಕ್ಕಂದಿನಿಂದ ಹಾಗೆಯೇ ಎಂದು ಕಿಂಡಿಯೊಳಗಿನವರಿಗೆ ಗೊತ್ತು. ಉತ್ತರ ಬಾರದ ಪ್ರಶ್ನೆ ಎದುರಾದಾಗ ಮೊದಲು ಕಿವಿ, ಆಮೇಲೆ ಕಣ್ಣು. ಕೋಣೆಯ ಬೇರೆ ಮೂಲೆಯಲ್ಲಿ ಯಾವುದೋ ಗುಂಪು ಮುಗಿಸಿ ಚಪ್ಪಾಳೆ ತಟ್ಟುತ್ತದೆ. ಹದಿಮೂರನೆಯ ನಿಮಿಷ. ಇಬ್ಬರು ಸಿಸ್ಟರುಗಳು ಗಡಿಯಾರ ನೋಡುತ್ತಾರೆ. ಹಾಗೆ ನೋಡುವವರ ಎದುರಿಗೆ, ಇಪ್ಪತ್ತೊಂಬತ್ತು ವರ್ಷವೂ ಮೊದಲನೆಯವಳಾಗಿಯೇ ಬಂದವಳು ಬಾಯಿ ತೆರೆಯಬೇಕು.

"ನನ್ನ ಹತ್ರ ಏನೂ ಇಲ್ಲ," ಎನ್ನುತ್ತಾಳೆ ಮಗಳು. ದನಿ ಸಣ್ಣಗಿದೆ. "ನೀವು ಓದಿದ್ದೇ ನನ್ನಲ್ಲೂ ಇದೆ ಬ್ರದರ್. ರಕ್ತದ ವರದೀನೇ ತಿರುಗಿಸಿ ಬರೆದಿದ್ದಾರೆ. ನನಗೆ ಆಗಲೇ ಗೊತ್ತಾಯ್ತು. ಗೊತ್ತಾದ್ರೂ..."

"ಇರಲಿ ಬಿಡು," ಎನ್ನುತ್ತಾರೆ ಬ್ರದರ್. "ಹಾಗಿದ್ರೆ ನಮ್ಮಲ್ಲಿ ಯಾವುದು ಇಲ್ಲ?"

ನಾಲ್ವರೂ ಬಗ್ಗುತ್ತಾರೆ. ಈಗ ಮಾತು ಕಿಂಡಿಗೆ ಕೇಳಿಸುವುದಿಲ್ಲ. ನಾಲ್ಕು ತಲೆ ಒಂದಾಗಿ ಗುಜುಗುಜು. ಕಂಪ್ಯೂಟರಿನಲ್ಲಿ ಇಪ್ಪತ್ನಾಲ್ಕು ಆರುತ್ತದೆ. ಹಿಂದೆಯೇ ಇಪ್ಪತ್ತೆರಡು, ಇಪ್ಪತ್ತೊಂದು. ಹದಿನಾರನೆಯ ನಿಮಿಷಕ್ಕೆ ಮಗಳು ಮಂಚ ಬಿಟ್ಟು ನಡೆದು ಬರುತ್ತಾಳೆ. ಎರಡು ಮಾರು ದೂರಕ್ಕೆ ಅವಳು ತೆಗೆದುಕೊಳ್ಳುವ ಸಮಯ ಹೆಚ್ಚೇ.

ಕಿಂಡಿಯ ಈಚೆ ಆಚೆ ಇಬ್ಬರೂ ಎದುರುಬದುರು.

"ಅಕ್ಕಾ."

"ಹೇಳಿ ಸಿಸ್ಟರ್."

"ರೋಗಿ ಮನೇಲಿ ಏನು ಮಾತ್ರೆ ನುಂಗ್ತಿದ್ರು, ಮನೆಯವರು ಏನು ಹೇಳಿದ್ರು, ಅದು ನಮ್ಮಲ್ಲಿ ಯಾರ ಹತ್ರಾನೂ ಇಲ್ಲ. ಆ ಪುಟ ಬೇಕು."

ಪೆಟ್ಟಿಗೆಯಕ್ಕ ಏಪ್ರನ್ನಿನೊಳಗೆ ಕೈ ಹಾಕುತ್ತಾರೆ. ಗುಂಡಿ ಬಿಗಿಯಾಗಿದೆ, ದರ್ಜಿಯ ಕೈಕೆಲಸ, ಅಷ್ಟು ಬೇಗ ಬಿಡುವುದಿಲ್ಲ. ಎರಡನೆಯ ಪ್ರಯತ್ನಕ್ಕೆ ಬಿಚ್ಚಿಕೊಳ್ಳುತ್ತದೆ. ನಾಲ್ಕು ಮಡಿಕೆಯ ಹಳದಿ ಕಾಗದ ಕಿಂಡಿಯ ಹಲಗೆಯ ಮೇಲೆ ಬರುತ್ತದೆ. ಬೆವರಿಗೆ ಅದರ ಒಂದು ಮೂಲೆ ಮೆತ್ತಗಾಗಿದೆ. ಮಗಳು ಆ ಮೂಲೆಯನ್ನು ನೋಡುತ್ತಾಳೆ, ತಾಯಿಯ ಮುಖವನ್ನು ನೋಡುತ್ತಾಳೆ. ಕಾಗದ ಎತ್ತಿಕೊಂಡು ಓಡುತ್ತಾಳೆ.

ಪುಟದಲ್ಲಿ ರೋಗಿಯ ಹೆಂಡತಿ ಹೇಳಿದ ಮಾತಿದೆ. "ಹೃದಯದ ತೊಂದರೆಗೆಂದು ರಕ್ತ ತೆಳುವಾಗಿಸುವ ಮಾತ್ರೆಯನ್ನು ದಿನವೂ ನುಂಗುತ್ತಾರೆ. ಇವತ್ತು ಬೆಳಿಗ್ಗೆ ಆಸ್ಪತ್ರೆಗೆ ಹೊರಡುವ ಮುಂಚೆಯೂ ನುಂಗಿಸಿದ್ದೇನೆ." ಅದರ ಮೇಲೆ ಈ ಚುಚ್ಚುಮದ್ದೂ ಬಿದ್ದರೆ ಒಳಗೆ ಎಲ್ಲಿ ರಕ್ತ ಸೋರತೊಡಗುತ್ತದೋ ಹೇಳಲಾಗದು. ಹತ್ತೊಂಬತ್ತನೆಯ ನಿಮಿಷಕ್ಕೆ ನಾಲ್ಕೂ ಚುಕ್ಕೆ ಒಟ್ಟಿಗೆ ಬೆಳಗುತ್ತವೆ: ತಡೆಯುವುದು, ವೈದ್ಯರಿಗೆ ಫೋನ್ ಮಾಡುವುದು. ಟ್ರಾಲಿಯ ಮೇಲಿನ ಸೂಜಿ ಅಲ್ಲೇ ಉಳಿಯುತ್ತದೆ.

ಮಧ್ಯಾಹ್ನ ಫಲಿತಾಂಶದ ಹಾಳೆ ಗೋಡೆಗೆ ಬೀಳುತ್ತದೆ. ಆರನೆಯ ಗುಂಪು ಪಾಸು. ಅಂಕದಲ್ಲಿ ಅದು ಐದನೆಯ ಸ್ಥಾನದಲ್ಲಿದೆ. ಕೇಳಲು ತಡ ಮಾಡಿದ್ದಕ್ಕೆ ಮೇಡಂ ಅಂಕ ಕಳೆದಿದ್ದಾರೆ. ಮಗಳು ಹಾಳೆಯನ್ನು ಎರಡು ಸಲ ಓದುತ್ತಾಳೆ. ಐದನೆಯ ಸ್ಥಾನ ಅವಳಿಗೆ ಹೊಸ ಊರು.

ಟ್ಯಾಬುಗಳು ವಾಪಸು ಬರುವ ಹೊತ್ತು. ಬ್ರದರ್ ಪೆಟ್ಟಿಗೆಯನ್ನು ಕಿಂಡಿಯೊಳಗೆ ತಳ್ಳಿ, "ಅಕ್ಕಾ, ಈ ಮೊದ್ದುಗೊಂದು ಹೊಸ ಬ್ಯಾಟರಿ ಹಾಕ್ಸಿ. ಮುಪ್ಪಾಗಿದೆ," ಎನ್ನುತ್ತಾರೆ.

"ನಿಮ್ಮ ಕನ್ನಡಕಕ್ಕಿಂತ ವಯಸ್ಸು ಕಮ್ಮಿ ಅದಕ್ಕೆ. ಹೋಗಿ," ಎನ್ನುತ್ತಾರೆ ಪೆಟ್ಟಿಗೆಯಕ್ಕ.

ಎಲ್ಲರೂ ಹೋದ ಮೇಲೆ ಮಗಳು ಒಳಬಾಗಿಲಿಂದ ಬಂದು ಸ್ಟೂಲಿನ ಮೇಲೆ ಕೂರುತ್ತಾಳೆ. ಹೇಳದೆಯೇ ಹತ್ತಿ ತೆಗೆದುಕೊಂಡು, ಸ್ಪಿರಿಟ್ಟಿನಲ್ಲಿ ಅದ್ದಿ ಇಪ್ಪತ್ನಾಲ್ಕನ್ನು ಒರೆಸತೊಡಗುತ್ತಾಳೆ. ಕಾಲೇಜಿನ ಗೋಡೆಯೊಳಗೆ, ಒಪ್ಪಂದ ಮುರಿದು, ಕೇಳುತ್ತಾಳೆ:

"ಅಮ್ಮಾ, ನಿನ್ನೆ ಊಟಕ್ಕೆ ಕೂತಾಗಲೇ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ನಾನು ಮೊದ್ದು ತಗೋತೀನಿ ಅಂದಾಗಲೂ?"

"ಹೂಂ. ಅದಕ್ಕೇ ನೀರು ತರೋಕೆ ಎದ್ದೆ."

ಮಗಳು ಮೇಲಿನಿಂದ ಕೆಳಕ್ಕೆ ಒಂದು ಎಳೆತ ಎಳೆದು, ತಿರುಗಿಸಿ, ಬೆನ್ನಿಗೆ ಇನ್ನೊಂದು ಎಳೆಯುತ್ತಾಳೆ. "ನಾನು ಬರದೇ ಇದ್ದಿದ್ರೆ?"

ತಾಯಿ ಬಗ್ಗಿ ಬೀರುವಿನ ಕೆಳಗಿನ ಅರೆಯಿಂದ ಬಿಸ್ಕತ್ತಿನ ಡಬ್ಬಿ ತೆಗೆದು ಹಲಗೆಯ ಮೇಲಿಡುತ್ತಾರೆ. ಮುಚ್ಚಳ ತೆರೆಯುತ್ತಾರೆ. ಒಳಗೆ ಐದು ಹಳದಿ ಮಡಿಕೆಗಳು. ಮೊದಲನೆಯದರ ಬಣ್ಣ ಆಗಲೇ ಮಾಸಿದೆ. ಆರನೆಯದಕ್ಕೆ ಜಾಗ ಧಾರಾಳವಾಗಿದೆ. ಮಗಳು ಅದನ್ನೇ ನೋಡುತ್ತಾಳೆ, ಆಮೇಲೆ ಮುಂದಿನ ಟ್ಯಾಬಿಗೆ ಕೈ ಚಾಚುತ್ತಾಳೆ.

ಪೆಟ್ಟಿಗೆಯಕ್ಕನ ನಿವೃತ್ತಿಗೆ ಇನ್ನು ಏಳು ವರ್ಷ. ಕಾಲೇಜಿನಿಂದ ಏನಾದರೂ ಬೇಕೇ ಎಂದರೆ ತಲೆ ತುರಿಸಿಕೊಂಡು, ಮೊದ್ದುವಿಗೆ ಬ್ಯಾಟರಿ, ಸಾಹೇಬರಿಗೆ ಒಂದು ಗಟ್ಟಿ ತಂತಿ ಎನ್ನುತ್ತಾರೆ. ತಮಗೆಂದು ಏನು ಬೇಕು ಎಂದರೆ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚುತ್ತಾರೆ.

"ಇದು ಚಿಕ್ಕ ಡಬ್ಬಿ," ಎನ್ನುತ್ತಾರೆ. "ನಾನಿರೋವರೆಗೂ ಇದೇ ಸಾಕಾಗಲಿ."